ಕಂಪನಿ ಮಾರಾಟವಾಯಿತು, ಬಾಯ್ಲರ್ ಮಾನ್ವಿಯಲ್ಲೇ ಉಳಿಯಿತು

ಈ ಸಂಚಿಕೆಗೆ ಬಾಯ್ಲರ್ ಕಂಪನಿಗಳ ವಿಲೀನ ಮತ್ತು ಖರೀದಿಯ ಬಗ್ಗೆ ಬರೆಯುತ್ತೇನೆ ಎಂದು ಹೇಳಿದಾಗ ನನ್ನ ಗೆಳತಿಯರು ನಕ್ಕರು. "ಮೇ ತಿಂಗಳಲ್ಲಿ ರಾಯಚೂರಿನ ಮನೆಗಳೇ ಬಾಯ್ಲರ್ ಆಗಿರುತ್ತವೆ, ಬೇರೆ ಬಾಯ್ಲರ್ ಯಾಕೆ ಬೇಕು?" ಎಂದಳು ಒಬ್ಬಳು. "ಅದು ಸೈನ್ಸ್‌ನವರ ವಿಷಯ, ಕಾಮರ್ಸ್‌ನವರಿಗೆ ಏನು ಸಂಬಂಧ?" ಎಂದಳು ಇನ್ನೊಬ್ಬಳು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಲು ಪ್ರಯತ್ನಿಸುತ್ತೇನೆ.

ನಾನು ಮಾನ್ವಿಯಿಂದ ದಿನಾಲೂ ಬಸ್ಸಿನಲ್ಲಿ ರಾಯಚೂರಿಗೆ ಬಂದು ಓದುವವಳು. ನಮ್ಮ ಅಬ್ಬಾ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ಅಟೆಂಡೆಂಟ್. ಬಾಯ್ಲರ್ ನಡೆಸಲು ಸರ್ಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆಯಬೇಕು. ಅಬ್ಬಾ ಅವರ ಬಳಿ ಎರಡನೇ ದರ್ಜೆಯ ಸರ್ಟಿಫಿಕೇಟ್ ಇದೆ. ಅದಕ್ಕೆ ಫ್ರೇಮ್ ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾರೆ.

ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ನಮ್ಮ ಕಡೆ ಭತ್ತ ಬೆಳೆಯುತ್ತದೆ. ನಾನಿಯ ಊರು ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ನಾಲೆಯ ನೀರು. ಆ ಭತ್ತವನ್ನು ಕುಸುಬಲಕ್ಕಿ ಮಾಡಬೇಕಾದರೆ ಮೊದಲು ಬಿಸಿನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಗೆ ಹಾಕಬೇಕು. ನೀರು ಬಿಸಿ ಮಾಡುವುದು, ಹಬೆ ಕೊಡುವುದು, ಒಣಗಿಸುವ ಯಂತ್ರಕ್ಕೆ ಶಾಖ ಕೊಡುವುದು, ಎಲ್ಲವೂ ಬಾಯ್ಲರ್‌ನ ಕೆಲಸ. ಉರಿಸುವುದು ಅದೇ ಭತ್ತದ ಹೊಟ್ಟು. ನೂರು ಕೆಜಿ ಭತ್ತದಲ್ಲಿ ಸುಮಾರು ಇಪ್ಪತ್ತು ಕೆಜಿ ಹೊಟ್ಟೇ ಇರುತ್ತದೆ, ಹಾಗಾಗಿ ಉರುವಲಿಗೆ ಕೊರತೆ ಇಲ್ಲ. ಬಾಯ್ಲರ್ ನಿಂತರೆ ಮಾತ್ರ ಎಲ್ಲವೂ ನಿಲ್ಲುತ್ತದೆ.

ಕಳೆದ ಜನವರಿಯಲ್ಲಿ ಅದು ನಿಂತಿತು. ಮುಂಗಾರು ಭತ್ತ ಬಂದು ಮಿಲ್ಲುಗಳು ಹಗಲು ರಾತ್ರಿ ನಡೆಯುವ ಕಾಲ. ನೀರಿನ ಮಟ್ಟ ನೋಡಿಕೊಳ್ಳುವ, ಹೊಟ್ಟು ಹಾಕುವ, ಫ್ಯಾನ್ ನಡೆಸುವ ಎಲ್ಲ ಕೆಲಸವನ್ನೂ ಒಂದೇ ಪ್ಯಾನೆಲ್ ಮಾಡುತ್ತದೆ. ಆ ಪ್ಯಾನೆಲ್‌ನೊಳಗಿನ ಕಾರ್ಡ್ ಸುಟ್ಟುಹೋಯಿತು. ಪ್ಯಾನೆಲ್ ಬಾಯ್ಲರ್ ತಯಾರಿಸಿದ ಕಂಪನಿಯದೇ, ಕಾರ್ಡ್ ಕೂಡ ಅವರದೇ, ಹೊರಗೆ ಸಿಗುವುದಿಲ್ಲ. ಮಾಲೀಕರು ಫೋನ್ ಮಾಡಿದರು. ಹಳೆಯ ನಂಬರ್ ಬಂದ್ ಆಗಿತ್ತು. ಬೇರೆ ನಂಬರ್ ಹುಡುಕಿ ಮಾಡಿದಾಗ ತಿಳಿದದ್ದು ಇಷ್ಟು: ಆ ಕಂಪನಿಯನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದು ಕಂಪನಿ ಕೊಂಡುಕೊಂಡಿದೆ. "ಮುಂದಿನ ವಾರ ಕಳುಹಿಸುತ್ತೇವೆ" ಎಂದರು. ಮುಂದಿನ ವಾರವೂ ಅದೇ ಉತ್ತರ ಬಂತು, ಅದರ ಮುಂದಿನ ವಾರವೂ ಅದೇ. ಕೊನೆಗೆ ನಾಲ್ಕನೇ ವಾರ, "ಆ ಮಾಡೆಲ್ ನಿಲ್ಲಿಸಿದ್ದೇವೆ, ಹೊಸ ಬಾಯ್ಲರ್ ಬೇಕಾದರೆ ಕೊಟೇಶನ್ ಕೊಡುತ್ತೇವೆ" ಎಂದರು. ನಮ್ಮ ಬಾಯ್ಲರ್‌ಗೆ ಆಗ ಬರೀ ಎಂಟು ವರ್ಷ. ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ನಾನು ಹೇಳಬೇಕಾದ ಮಾತು ಒಂದೇ ಕಂಪನಿಯ ಬಗ್ಗೆ ಅಲ್ಲ.

ಈ ನಡುವೆ ಮಿಲ್ಲಿನಲ್ಲಿ ಇನ್ನೊಂದು ಮಾತು ಹುಟ್ಟಿತು. ಪ್ಯಾನೆಲ್ ಬಿಟ್ಟು, ನೇರವಾಗಿ ವೈರ್ ಜೋಡಿಸಿ, ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟವನ್ನು ಕಣ್ಣಿನಿಂದ ನೋಡುತ್ತಾ ನಡೆಸಿಬಿಡೋಣ ಎಂದು. ಅಬ್ಬಾ ಆಗುವುದಿಲ್ಲ ಎಂದರು. ಬಾಯ್ಲರ್‌ನಲ್ಲಿ ನೀರು ಕಡಿಮೆಯಾದರೆ ಬೆಂಕಿ ತಾಗುವ ಕೊಳವೆಗಳು ನೀರಿಲ್ಲದೆ ಕೆಂಪಗೆ ಕಾಯುತ್ತವೆ, ಲೋಹ ಮೆತ್ತಗಾಗುತ್ತದೆ. ಆಗ ಒಮ್ಮೆಲೇ ತಣ್ಣೀರು ಒಳಗೆ ಹೋದರೆ ಅದು ಕ್ಷಣದಲ್ಲಿ ಹಬೆಯಾಗಿ ಬಾಯ್ಲರ್ ಸಿಡಿಯಬಹುದು. "ಹನ್ನೆರಡು ಗಂಟೆಯ ಪಾಳಿಯಲ್ಲಿ ಒಂದು ಸಲ ಕಣ್ಣು ಮುಚ್ಚಿದರೆ ಸಾಕು" ಎಂದರು ಅಬ್ಬಾ. ಮಾಲೀಕರು ಒತ್ತಾಯ ಮಾಡಲಿಲ್ಲ, ಆದರೆ ಸಂಬಳ ಅರ್ಧ ಮಾಡಿದರು. ದಿನಗೂಲಿಯವರಿಗೆ ಆ ಅರ್ಧವೂ ಇರಲಿಲ್ಲ. ಭತ್ತ ಹರಡುವ ಹೆಂಗಸರು, ಹಮಾಲರು, ಸುಮಾರು ನಲವತ್ತು ಜನ ಮನೆಯಲ್ಲಿ ಕುಳಿತರು. ಅವರಲ್ಲಿ ಕೆಲವರು ನಮ್ಮ ಓಣಿಯವರೇ. "ನಿಮ್ಮ ಅಬ್ಬಾ ಹ್ಞೂಂ ಅಂದಿದ್ದರೆ ಮಿಲ್ಲು ನಡೆಯುತ್ತಿತ್ತು" ಎಂದು ನಲ್ಲಿಯ ಹತ್ತಿರ ಒಬ್ಬರು ನನಗೇ ಹೇಳಿದರು. ನಾನು ಕೊಡ ತುಂಬಿಸಿಕೊಂಡು ಸುಮ್ಮನೆ ಬಂದೆ. ದೇವದುರ್ಗದಿಂದ ಬಂದು ಅದೇ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮ ಮಾಮು ಇಪ್ಪತ್ತು ದಿನ ಕಾದು, ಮಾಮಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋದರು. ಮಕ್ಕಳ ಶಾಲೆ ಅರ್ಧಕ್ಕೆ ನಿಂತಿತು.

ಮೂವತ್ತೇಳು ದಿನಗಳ ನಂತರ ಹೈದರಾಬಾದಿನ ಒಂದು ಸಣ್ಣ ವರ್ಕ್‌ಶಾಪಿನವರು ಬೇರೆಯೇ ಪ್ಯಾನೆಲ್ ಮಾಡಿ ಕೂರಿಸಿದರು. ಅವರಿಗೆ ಹಿಡಿದದ್ದು ಹತ್ತು ದಿನ ಮಾತ್ರ. ಉಳಿದ ದಿನಗಳೆಲ್ಲ "ಮುಂದಿನ ವಾರ" ಎಂಬ ಮಾತು ನಂಬಿಕೊಂಡು ಕಾದದ್ದು.

ಆಗ ನನಗೆ ಒಂದು ಪ್ರಶ್ನೆ ಹುಟ್ಟಿತು. ಒಂದು ಕಂಪನಿ ಇನ್ನೊಂದನ್ನು ಕೊಂಡಾಗ ಕಟ್ಟಡ, ಯಂತ್ರ, ಹೆಸರು ಎಲ್ಲವೂ ಕೈ ಬದಲಾಗುತ್ತದೆ. ಹಳೆಯ ಕಂಪನಿ ತನ್ನ ಗಿರಾಕಿಗಳಿಗೆ ಕೊಟ್ಟ ಮಾತು ಯಾರ ಕೈಗೆ ಹೋಗುತ್ತದೆ?

ಉತ್ತರ ಹುಡುಕುತ್ತಾ ಹೋದಾಗ, ಬಾಯ್ಲರ್ ತಯಾರಕರಲ್ಲಿ ಈ ಕೊಡುಕೊಳ್ಳುವಿಕೆ ಜಗತ್ತಿನ ತುಂಬ ನಡೆದಿದೆ ಎಂದು ತಿಳಿಯಿತು. ಯುರೋಪಿನ ಚಳಿದೇಶಗಳಲ್ಲಿ ಮನೆಮನೆಗೂ ಬಿಸಿನೀರಿನ ಬಾಯ್ಲರ್ ಇರುತ್ತದೆ. ಗೋಡೆಯ ಪಕ್ಕದ ಕೊಳವೆಗಳಲ್ಲಿ ಆ ನೀರು ಹರಿದು ಕೋಣೆ ಬೆಚ್ಚಗಾಗುತ್ತದೆ. ನಮ್ಮಲ್ಲಿ ಬೆಂಗಳೂರಿನ ಮೈಕೋ ಎಂದು ಹಿರಿಯರು ಕರೆಯುವ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತಲ್ಲ, ಅದರ ಜರ್ಮನಿಯ ಮಾತೃ ಕಂಪನಿ 2003ರಲ್ಲಿ ಬುಡೆರಸ್ ಎಂಬ ಹಳೆಯ ಬಾಯ್ಲರ್ ಕಂಪನಿಯನ್ನೂ, 2009ರಲ್ಲಿ ಕಾರ್ಖಾನೆಗಳ ಬಾಯ್ಲರ್ ಮಾಡುವ ಲೂಸ್ ಕಂಪನಿಯನ್ನೂ ಕೊಂಡಿತು. ಅದೇ 2009ರಲ್ಲಿ ಬ್ರಿಟನ್ನಿನ ಬಾಕ್ಸಿ ಮತ್ತು ಡಿ ಡೀಟ್ರಿಚ್ ರೆಮೆಹಾ ಸೇರಿ ಬಿಡಿಆರ್ ಥರ್ಮಿಯಾ ಆಯಿತು. ಎಲ್ಲಕ್ಕಿಂತ ದೊಡ್ಡ ಸುದ್ದಿ 2023ರ ಏಪ್ರಿಲ್‌ನದು. 1917ರಲ್ಲಿ ಶುರುವಾದ, ಒಂದೇ ಕುಟುಂಬದ ಕೈಯಲ್ಲಿದ್ದ ಜರ್ಮನಿಯ ವೀಸ್‌ಮನ್ ತನ್ನ ಹೀಟಿಂಗ್ ವ್ಯವಹಾರವನ್ನು ಅಮೆರಿಕದ ಕ್ಯಾರಿಯರ್ ಕಂಪನಿಗೆ 12 ಬಿಲಿಯನ್, ಅಂದರೆ 1,200 ಕೋಟಿ ಯೂರೋಗೆ ಮಾರುವುದಾಗಿ ಘೋಷಿಸಿತು. 2024ರ ಜನವರಿಯಲ್ಲಿ ವ್ಯವಹಾರ ಮುಗಿಯಿತು. ಬೆಲೆಯ ಶೇ 80 ನಗದು, ಶೇ 20 ಕ್ಯಾರಿಯರ್ ಷೇರು. ಗ್ಯಾಸ್ ಬಾಯ್ಲರ್‌ಗಳ ಕಾಲ ಮುಗಿಯುತ್ತಾ ಹೀಟ್ ಪಂಪ್‌ಗಳ ಕಾಲ ಬರುತ್ತಿದೆ, ಅದಕ್ಕೆ ಬೇಕಾದ ಬಂಡವಾಳ ದೊಡ್ಡದು, ಒಂಟಿಯಾಗಿ ನಿಲ್ಲುವುದು ಕಷ್ಟ ಎಂಬುದು ಅದರ ಹಿಂದಿನ ಕಾರಣ.

ಭಾರತದವರು ಬರೀ ನೋಡುತ್ತಾ ಕುಳಿತಿಲ್ಲ. ಪುಣೆಯ ಥರ್ಮ್ಯಾಕ್ಸ್ 1966ರಲ್ಲಿ ಬೆಲ್ಜಿಯಂ ಕಂಪನಿಯೊಂದರ ಸಹಯೋಗದಲ್ಲಿ ವ್ಯಾನ್ಸನ್ ಇಂಡಿಯಾ ಎಂಬ ಹೆಸರಿನಿಂದ ಸಣ್ಣ ಬಾಯ್ಲರ್ ಮಾಡುತ್ತಾ ಶುರುವಾದದ್ದು. 2010ರಲ್ಲಿ ಅದೇ ಕಂಪನಿ ಡೆನ್ಮಾರ್ಕಿನ ಡ್ಯಾನ್‌ಸ್ಟೋಕರ್ ಎಂಬ ಬಾಯ್ಲರ್ ಕಂಪನಿಯನ್ನೇ ಕೊಂಡುಕೊಂಡಿತು. ಇದನ್ನು ಓದಿದಾಗ ನನಗೆ ಹೆಮ್ಮೆ ಅನಿಸಿತು. ಆದ್ದರಿಂದ ವಿಲೀನವೇ ಕೆಟ್ಟದ್ದು, ಖರೀದಿಯೇ ಮೋಸ ಎಂದು ನಾನು ಹೇಳುತ್ತಿಲ್ಲ.

ವೀಸ್‌ಮನ್ ವ್ಯವಹಾರದಲ್ಲಿ ನನ್ನ ಗಮನ ಸೆಳೆದದ್ದು ಬೆಲೆಯಲ್ಲ, ಷರತ್ತುಗಳು. ಮೂರು ವರ್ಷ ನೌಕರರನ್ನು ತೆಗೆಯುವಂತಿಲ್ಲ, ಮುಖ್ಯ ಕಾರ್ಖಾನೆ ಮತ್ತು ಸಂಶೋಧನಾ ಕೇಂದ್ರಗಳನ್ನು ಐದು ವರ್ಷ ಮುಚ್ಚುವಂತಿಲ್ಲ, ಆಲೆನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿರುವ ಕೇಂದ್ರ ಕಚೇರಿ ಹತ್ತು ವರ್ಷ ಅಲ್ಲೇ ಇರಬೇಕು. ಕೊಳ್ಳುವವರು ಇದನ್ನೆಲ್ಲ ಒಪ್ಪಿಕೊಂಡೇ ಕೊಂಡರು. ಅಂದರೆ ಕಂಪನಿ ಮಾರುವಾಗ ಮಾತನ್ನೂ ಜೊತೆಗೆ ಒಪ್ಪಿಸಬಹುದು. ಅದು ಆಗದ ಕೆಲಸವೇನೂ ಅಲ್ಲ. ಮಾರುವವರು ಕೇಳಬೇಕು, ಇಲ್ಲವೇ ಕಾನೂನು ಕೇಳಬೇಕು.

ನಮ್ಮ ಕಾನೂನು ಏನು ಕೇಳುತ್ತದೆ? ನಮ್ಮ ಉಪನ್ಯಾಸಕರ ಸಹಾಯದಿಂದ ಇದನ್ನು ಓದಿ ತಿಳಿದುಕೊಂಡೆ. ಎರಡು ಕಂಪನಿಗಳು ವಿಲೀನವಾಗುವಾಗ 2013ರ ಕಂಪನಿ ಕಾಯ್ದೆಯ 230ರಿಂದ 232ರವರೆಗಿನ ಕಲಮುಗಳ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆ ಬೇಕು. ಷೇರುದಾರರಿಗೆ, ಸಾಲ ಕೊಟ್ಟವರಿಗೆ, ಆದಾಯ ತೆರಿಗೆ ಇಲಾಖೆಗೆ, ಬೇರೆ ಬೇರೆ ಸರ್ಕಾರಿ ಸಂಸ್ಥೆಗಳಿಗೆ ನೋಟಿಸ್ ಹೋಗುತ್ತದೆ. ಹಳೆಯ ಗಿರಾಕಿಗೆ ಹೋಗುವುದಿಲ್ಲ. ವಿಲೀನ ಮಾಡದೆ ಬರೀ ಷೇರುಗಳನ್ನು ಕೊಂಡರೆ ಅಥವಾ ವ್ಯವಹಾರವನ್ನು ಮಾತ್ರ ಕೊಂಡರೆ ನ್ಯಾಯಮಂಡಳಿಯ ಈ ದಾರಿಯೂ ಬೇಕಿಲ್ಲ. ಭಾರತ ಸ್ಪರ್ಧಾ ಆಯೋಗ ಇದೆಯಲ್ಲ ಎನ್ನಬಹುದು. ಅದು ನೋಡುವುದು ಮಾರುಕಟ್ಟೆಯಲ್ಲಿ ಪೈಪೋಟಿ ಉಳಿಯುತ್ತದೆಯೇ ಎಂದು. ಅಲ್ಲದೆ, ಮಾರಾಟವಾಗುವ ಕಂಪನಿಯ ಭಾರತದ ಆಸ್ತಿ 450 ಕೋಟಿ ರೂಪಾಯಿ ಅಥವಾ ವಹಿವಾಟು 1,250 ಕೋಟಿ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಆಯೋಗಕ್ಕೆ ಅರ್ಜಿಯನ್ನೇ ಹಾಕಬೇಕಾಗಿಲ್ಲ. ರೈಸ್ ಮಿಲ್ಲಿಗೆ ಬಾಯ್ಲರ್ ಮಾಡುವ ಸಣ್ಣ ಕಂಪನಿ ಆ ಜರಡಿಯಲ್ಲಿ ನಿಲ್ಲುವುದೇ ಇಲ್ಲ, ಕೆಳಗೆ ಉದುರಿಹೋಗುತ್ತದೆ.

ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣವೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವರು ಗ್ರಾಹಕರೇ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ಮಾತ್ರ ವಿನಾಯಿತಿ. ನಲವತ್ತು ಜನ ಕೆಲಸ ಮಾಡುವ ಮಿಲ್ಲು ಆ ವಿನಾಯಿತಿಯಲ್ಲಿ ಬರುವುದು ಕಷ್ಟ. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಮೊದಲು ಎತ್ತಿಕೊಂಡದ್ದು ನಾಲ್ಕು ಕ್ಷೇತ್ರ: ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಭತ್ತ ಕೊಯ್ಯುವ ಯಂತ್ರ ಅದರಲ್ಲಿದೆ, ಅದೇ ಭತ್ತ ಬೇಯಿಸುವ ಯಂತ್ರ ಇಲ್ಲ. ಇನ್ನು 1923ರ ಹಳೆಯ ಬಾಯ್ಲರ್ ಕಾಯ್ದೆಯ ಬದಲು 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂತು. ಅದರ ಗುರಿ ಸುರಕ್ಷತೆ. ಬಾಯ್ಲರ್ ನೋಂದಣಿಯಾಗಬೇಕು, ಕಾಲಕಾಲಕ್ಕೆ ಪರೀಕ್ಷೆಯಾಗಬೇಕು, ಅರ್ಹರೇ ನಡೆಸಬೇಕು. ತಯಾರಕನೇ ಕೈ ಬದಲಾದಾಗ ಬಿಡಿಭಾಗ ಯಾರು ಕೊಡಬೇಕು ಎಂಬ ಮಾತು ಅದರಲ್ಲಿಲ್ಲ. ಆದರೆ ಬಿಡಿಭಾಗ ಸಿಗದಿರುವುದೂ ಸುರಕ್ಷತೆಯ ಪ್ರಶ್ನೆಯೇ ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅಬ್ಬಾ ಅವರ ಜಾಗದಲ್ಲಿ ಮಾಲೀಕರಿಗೆ ಇಲ್ಲವೆನ್ನಲು ಹೆದರುವ ಬೇರೊಬ್ಬರು ಇದ್ದಿದ್ದರೆ, ಆ ಬಾಯ್ಲರ್ ಪ್ಯಾನೆಲ್ ಇಲ್ಲದೆಯೇ ಉರಿಯುತ್ತಿತ್ತು.

ಈಗ ಗೆಳತಿಯ ಎರಡನೇ ಪ್ರಶ್ನೆಗೆ ಬರುತ್ತೇನೆ: ಇದು ಕಾಮರ್ಸ್‌ನವರ ವಿಷಯವೇ? ಈ ವರ್ಷ ಅಕೌಂಟೆನ್ಸಿಯಲ್ಲಿ ನಾವೆಲ್ಲ ಗುಡ್‌ವಿಲ್ ಲೆಕ್ಕ ಮಾಡಿದ್ದೇವೆ. ಒಂದು ಸಂಸ್ಥೆಯ ಬಂಡವಾಳ 50 ಲಕ್ಷ, ಸಾಮಾನ್ಯ ಲಾಭದ ದರ ಶೇ 10. ಅಂದರೆ 5 ಲಕ್ಷ ಲಾಭ ಬರಬೇಕು. ಆದರೆ ಸರಾಸರಿ 8 ಲಕ್ಷ ಬರುತ್ತಿದೆ. ಹೆಚ್ಚುವರಿ ಲಾಭ 3 ಲಕ್ಷ. ಮೂರು ವರ್ಷದ ಖರೀದಿ ಎಂದರೆ ಗುಡ್‌ವಿಲ್ 9 ಲಕ್ಷ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಆದರೆ ಆ 9 ಲಕ್ಷ ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಬೇರೆಯವರಿಗಿಂತ 3 ಲಕ್ಷ ಹೆಚ್ಚು ಲಾಭ ಬರುವುದು ಗಿರಾಕಿ ಮತ್ತೆ ಅಲ್ಲಿಗೇ ಬರುವುದರಿಂದ. ಗಿರಾಕಿ ಮತ್ತೆ ಬರುವುದು, ಕೆಟ್ಟರೆ ಇವರು ಸರಿ ಮಾಡಿಕೊಡುತ್ತಾರೆ ಎಂಬ ನಂಬಿಕೆಯಿಂದ. ಆ ನಂಬಿಕೆಗೇ ಬೆಲೆ ಕಟ್ಟಿ, ದುಡ್ಡು ಕೊಟ್ಟು, ಹೊಸ ಕಂಪನಿ ಅದನ್ನು ತನ್ನ ಪುಸ್ತಕದಲ್ಲಿ ಆಸ್ತಿ ಎಂದು ಬರೆದುಕೊಳ್ಳುತ್ತದೆ. ಮಾನ್ವಿಯ ಮಿಲ್ಲಿನ ನಂಬಿಕೆಯನ್ನು ಆಸ್ತಿಯ ಕಡೆ ಬರೆದುಕೊಂಡವರು, ಅದೇ ಮಿಲ್ಲಿಗೆ ಕೊಡಬೇಕಾದ ಕಾರ್ಡನ್ನು ಹೊಣೆಯ ಕಡೆ ಬರೆದುಕೊಳ್ಳಬೇಡವೇ?

ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಜೋಪಾನ ಮಾಡಿ ಕೇಳಿದಾಗ ಕೊಡಬೇಕು. ಅದೇ ಪದ ಕನ್ನಡದ ಪತ್ರಿಕೆಗಳಲ್ಲಿ "ಅಧಿಕಾರಿ ಅಮಾನತು" ಎಂದು ಬರುತ್ತದೆ, ಅಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಟ್ಟದ್ದು. ಚಿಕ್ಕವಳಿದ್ದಾಗ ಈ ಎರಡು ಅರ್ಥಗಳಿಂದ ನನಗೆ ಬಹಳ ಗೊಂದಲವಾಗುತ್ತಿತ್ತು. ಬಾಯ್ಲರ್ ಕಂಪನಿಯ ವಿಷಯದಲ್ಲಿ ಎರಡೂ ಅರ್ಥ ಸರಿಹೋಗುತ್ತವೆ. ನಾವು ಉರ್ದುವಿನ ಅಮಾನತ್ ಎಂದುಕೊಂಡಿದ್ದೆವು, ಅವರು ಕನ್ನಡದ ಅಮಾನತು ಮಾಡಿಬಿಟ್ಟರು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ತರಗತಿಯಲ್ಲಿ ಚರ್ಚೆಯಾದಾಗ ಒಬ್ಬ ಸಹಪಾಠಿ ಹೇಳಿದ: "ಸಣ್ಣ ಕಂಪನಿ ಬಹುಶಃ ನಷ್ಟದಲ್ಲಿತ್ತು. ಯಾರೂ ಕೊಳ್ಳದಿದ್ದರೆ ಮುಚ್ಚಿಹೋಗುತ್ತಿತ್ತು. ಆಗಲೂ ನಿಮಗೆ ಕಾರ್ಡ್ ಸಿಗುತ್ತಿರಲಿಲ್ಲ. ಹಳೆಯ ಹೊಣೆಯನ್ನೆಲ್ಲ ಹೊರಿಸಿದರೆ ಮುಳುಗುವ ಕಂಪನಿಯನ್ನು ಯಾರೂ ಎತ್ತುವುದಿಲ್ಲ." ಮಾತು ಸರಿಯಾಗಿದೆ. ಎಲ್ಲ ಹೊಣೆಯನ್ನೂ ಎಲ್ಲ ಕಾಲಕ್ಕೂ ಹೊರಿಸಿದರೆ ಆಗುವುದು ಹಾಗೆಯೇ. ಅದಕ್ಕೆ ನನ್ನ ಉತ್ತರವೂ ಲೆಕ್ಕದ್ದೇ. ಇಂತಿಷ್ಟು ವರ್ಷ ಬಿಡಿಭಾಗ ಕೊಡಬೇಕು ಎಂದು ಮೊದಲೇ ಗೊತ್ತಿದ್ದರೆ ಕೊಳ್ಳುವವರು ಅದರ ಖರ್ಚನ್ನು ಅಂದಾಜು ಮಾಡಿ ಬೆಲೆಯಲ್ಲಿ ಕಳೆದುಕೊಳ್ಳುತ್ತಾರೆ. ಗುಡ್‌ವಿಲ್ 9 ಲಕ್ಷದ ಬದಲು 7 ಲಕ್ಷ ಆಗಬಹುದು. ಆ 2 ಲಕ್ಷವನ್ನು ಈಗಲೂ ಯಾರೋ ಕೊಡುತ್ತಿದ್ದಾರೆ. ಕೊಡುತ್ತಿರುವವರು ಮಾರಿದವರೂ ಅಲ್ಲ, ಕೊಂಡವರೂ ಅಲ್ಲ. ಮಿಲ್ಲಿನ ಹಮಾಲರು ಮತ್ತು ಭತ್ತ ಹರಡುವ ಹೆಂಗಸರು, ಮೂವತ್ತೇಳು ದಿನದ ಕೂಲಿಯ ರೂಪದಲ್ಲಿ.

ಹಳೆಯ ಹೊಣೆ ಹೊಸ ಮಾಲೀಕನ ಹಿಂದೆ ಬರುವುದು ಜಗತ್ತಿಗೆ ಹೊಸದೂ ಅಲ್ಲ. ಇದಕ್ಕೆ ದೊಡ್ಡ ಉದಾಹರಣೆ ಬಾಯ್ಲರ್ ಉದ್ಯಮದಲ್ಲೇ ಇದೆ, ಅದರ ಎಳೆ ನಮ್ಮ ಜಿಲ್ಲೆಯವರೆಗೂ ಬರುತ್ತದೆ. ಅಮೆರಿಕದ ಕಂಬಸ್ಚನ್ ಎಂಜಿನಿಯರಿಂಗ್ ಒಂದು ಕಾಲದಲ್ಲಿ ದೊಡ್ಡ ಬಾಯ್ಲರ್ ಕಂಪನಿ. 1990ರ ಹೊತ್ತಿಗೆ ಅದನ್ನು ಯುರೋಪಿನ ಎಬಿಬಿ ಕೊಂಡಿತು. ಕಂಬಸ್ಚನ್‌ನ ಹಳೆಯ ಬಾಯ್ಲರ್‌ಗಳಲ್ಲಿ ಶಾಖ ತಡೆಯಲು ಆಸ್ಬೆಸ್ಟಾಸ್ ಬಳಸಿದ್ದರು. ಅದರ ಧೂಳಿನಿಂದ ಕಾಯಿಲೆ ಬಿದ್ದ ಕಾರ್ಮಿಕರು ಮೊಕದ್ದಮೆ ಹಾಕಿದರು. ಆ ಬಾಯ್ಲರ್‌ಗಳನ್ನು ತಯಾರಿಸಿದಾಗ ಎಬಿಬಿ ಮಾಲೀಕನೇ ಆಗಿರಲಿಲ್ಲ. ಆದರೂ 2003ರಲ್ಲಿ ಕಂಬಸ್ಚನ್ ದಿವಾಳಿ ರಕ್ಷಣೆ ಕೋರಬೇಕಾಯಿತು, ಎಬಿಬಿ ಪರಿಹಾರಕ್ಕಾಗಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಯಿತು. ಕೊಂಡ ಕಂಪನಿಯ ಜೊತೆ ಅದರ ಹಿಂದಿನ ಲೆಕ್ಕವೂ ಬಂದಿತ್ತು.

ಎಳೆ ನಮ್ಮ ಜಿಲ್ಲೆಗೆ ಬರುವುದು ಹೀಗೆ. ಕೃಷ್ಣಾ ನದಿಯ ದಡದಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ನಮಗೆಲ್ಲ ಗೊತ್ತು. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, 1,720 ಮೆಗಾವಾಟ್. ಯಂತ್ರಗಳನ್ನು ಕೊಟ್ಟದ್ದು ಸರ್ಕಾರಿ ಸ್ವಾಮ್ಯದ ಬಿಎಚ್‌ಇಎಲ್. ಬಿಎಚ್‌ಇಎಲ್‌ನ ತಿರುಚಿರಾಪಳ್ಳಿ ಕಾರ್ಖಾನೆ ದೊಡ್ಡ ಬಾಯ್ಲರ್‌ಗಳ ತಂತ್ರಜ್ಞಾನಕ್ಕೆ ಒಪ್ಪಂದ ಮಾಡಿಕೊಂಡಿದ್ದು ಇದೇ ಕಂಬಸ್ಚನ್ ಎಂಜಿನಿಯರಿಂಗ್ ಜೊತೆ. ಆಮೇಲೆ ಆ ಬಾಯ್ಲರ್ ವ್ಯವಹಾರ ಎಬಿಬಿಯಿಂದ 2000ದಲ್ಲಿ ಫ್ರಾನ್ಸಿನ ಆಲ್‌ಸ್ಟಾಮ್‌ಗೆ, 2015ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ಗೆ ಹೋಯಿತು. 2024ರಲ್ಲಿ ಜಿಇ ವರ್ನೋವಾ ಎಂಬ ಬೇರೆ ಕಂಪನಿಯಾಯಿತು. ಇಷ್ಟು ಸಲ ಹೆಸರು ಬದಲಾದರೂ ನಮ್ಮ ದೇಶದ ವಿದ್ಯುತ್ ಕೇಂದ್ರಗಳು ಕಾರ್ಡಿಗಾಗಿ ಕಾಯುತ್ತಾ ಕೂರಲಿಲ್ಲ. ಯಾಕೆಂದರೆ ನಕ್ಷೆ, ಕೌಶಲ, ತಯಾರಿಕೆ ಎಲ್ಲವೂ ತಿರುಚಿರಾಪಳ್ಳಿಯಲ್ಲಿತ್ತು. ದೂರದ ಮಾಲೀಕ ಯಾರಾದರೂ ಆಗಲಿ, ದುರಸ್ತಿಗೆ ಬೇಕಾದದ್ದು ಕೈಗೆಟುಕುವ ಕಡೆ ಇರಬೇಕು ಎಂಬುದನ್ನು ನಾನು ಇದರಿಂದ ಕಲಿತೆ. ಸರ್ಕಾರ ತನ್ನ ದೊಡ್ಡ ಬಾಯ್ಲರ್‌ಗಳಿಗೆ ಮಾಡಿಕೊಂಡ ಎಚ್ಚರಿಕೆಯನ್ನು ಮಾನ್ವಿಯ ಸಣ್ಣ ಬಾಯ್ಲರ್‌ಗಳಿಗೂ ಸ್ವಲ್ಪ ಮಾಡಬೇಕು.

ಹಾಗಾಗಿ ನನ್ನ ಬೇಡಿಕೆಗಳು ಮೂರು.

ಒಂದನೆಯದು, ಬಾಯ್ಲರ್ ತಯಾರಿಸುವ ಕಂಪನಿ ಮಾರಾಟವಾದರೆ ಕೊಂಡವರು 30 ದಿನದೊಳಗೆ ಹಳೆಯ ಗಿರಾಕಿಗಳಿಗೆ ಪತ್ರ ಬರೆಯಬೇಕು: ಯಾವ ಮಾಡೆಲ್‌ಗೆ ಬಿಡಿಭಾಗ ಕೊಡುತ್ತೇವೆ, ಯಾವುದಕ್ಕೆ ಕೊಡುವುದಿಲ್ಲ, ಯಾರಿಗೆ ಫೋನ್ ಮಾಡಬೇಕು. ವಿಳಾಸ ಸಿಗುವುದಿಲ್ಲ ಎನ್ನುವಂತಿಲ್ಲ. ಕಾಯ್ದೆಯಡಿ ಬರುವ ಪ್ರತಿ ಬಾಯ್ಲರ್‌ಗೂ ನೋಂದಣಿ ಸಂಖ್ಯೆ ಇದೆ, ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಲ್ಲಿ ದಾಖಲೆ ಇದೆ. ನಮಗೆ "ಸಿಗುವುದಿಲ್ಲ" ಎಂದು ಮೊದಲ ದಿನವೇ ಹೇಳಿದ್ದರೆ ಹತ್ತು ದಿನದಲ್ಲಿ ಮಿಲ್ಲು ಶುರುವಾಗುತ್ತಿತ್ತು, ಮಾಮು ಊರು ಬಿಡುತ್ತಿರಲಿಲ್ಲ.

ಎರಡನೆಯದು, ಕೊನೆಯ ಬಾಯ್ಲರ್ ಮಾರಿದ ದಿನದಿಂದ ಹತ್ತು ವರ್ಷ ಬಿಡಿಭಾಗ ಕೊಡಬೇಕು. ಕೊಡಲು ಆಗದಿದ್ದರೆ ಆ ಭಾಗದ ನಕ್ಷೆಯನ್ನು, ಪ್ಯಾನೆಲ್‌ನ ಪ್ರೋಗ್ರಾಂ ಅನ್ನು ಗಿರಾಕಿಗೆ ಬಿಟ್ಟುಕೊಡಬೇಕು, ಬೇರೆಯವರು ಮಾಡಿಕೊಡಲಿ. ಇದು ಅತಿಯಾದ ಬೇಡಿಕೆಯಲ್ಲ. ಯುರೋಪಿನಲ್ಲಿ 2021ರಿಂದ ಬಟ್ಟೆ ಒಗೆಯುವ ಯಂತ್ರದ ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷ ಕೊಡಲೇಬೇಕೆಂಬ ನಿಯಮ ಇದೆ. ಬಟ್ಟೆ ಒಗೆಯುವ ಯಂತ್ರ ಕೆಟ್ಟರೆ ಕೈಯಲ್ಲಿ ಒಗೆಯಬಹುದು. ಬಾಯ್ಲರ್‌ಗೆ ಬದಲಿ ಇಲ್ಲ.

ಮೂರನೆಯದು ಸರ್ಕಾರಕ್ಕಲ್ಲ, ನಮ್ಮವರಿಗೇ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ರಾಯಚೂರು, ಮಾನ್ವಿ, ದೇವದುರ್ಗ ಕಡೆಯ ಮಿಲ್ಲುಗಳ ಮಾಲೀಕರು ಬಾಯ್ಲರ್ ಆರ್ಡರ್ ಕೊಡುವಾಗ ಬೆಲೆಯನ್ನು ಮಾತ್ರ ಚೌಕಾಸಿ ಮಾಡುತ್ತಾರೆ. ಅದರ ಜೊತೆ ಒಂದು ಷರತ್ತು ಬರೆಸಿಕೊಳ್ಳಬೇಕು: ಕಂಪನಿ ಯಾರ ಕೈ ಸೇರಿದರೂ ಈ ಹೊಣೆ ಅವರ ಜೊತೆ ಹೋಗುತ್ತದೆ ಎಂದು. ಒಬ್ಬರು ಕೇಳಿದರೆ ಸೇಲ್ಸ್‌ನವರು ನಗುತ್ತಾರೆ. ಹತ್ತು ಜನ ಒಟ್ಟಿಗೆ ಕೇಳಿದರೆ ಬರೆದುಕೊಡುತ್ತಾರೆ.

ಕಳೆದ ತಿಂಗಳು ಇದನ್ನು ಪರೀಕ್ಷೆ ಮಾಡುವ ಅವಕಾಶ ಬಂತು. ಮಿಲ್ಲಿಗೆ ಇನ್ನೊಂದು ಸಣ್ಣ ಬಾಯ್ಲರ್ ತರುವ ಮಾತು ನಡೆದಿದೆ. ಬೇರೊಂದು ಕಂಪನಿಯವರು ಬಂದು ಫೋಟೊಗಳನ್ನು ತೋರಿಸಿ, ಎಷ್ಟು ಹೊಟ್ಟು ಉಳಿಯುತ್ತದೆ ಎಂದೆಲ್ಲ ವಿವರಿಸಿದರು. ಅಬ್ಬಾ ಒಂದೇ ಪ್ರಶ್ನೆ ಕೇಳಿದರಂತೆ: "ನಿಮ್ಮ ಕಂಪನಿಯನ್ನು ನಾಳೆ ಬೇರೆಯವರು ಕೊಂಡರೆ ಈ ಫೋನ್ ಯಾರು ಎತ್ತುತ್ತಾರೆ?" ಅವರು ನಕ್ಕು, "ಅದೆಲ್ಲ ಆಗಲ್ಲ ಬಿಡಿ" ಎಂದರಂತೆ. ಮಾಲೀಕರು ನಗಲಿಲ್ಲ.

ಆ ರಾತ್ರಿ ಅಬ್ಬಾ ಮನೆಗೆ ಬಂದು, "ನೀನು ಕಾಮರ್ಸ್ ಓದುತ್ತೀಯಲ್ಲ, ಒಂದು ಷರತ್ತು ಬರೆದುಕೊಡು" ಎಂದರು. ನಾನು ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ನಮ್ಮ ಬಿಸಿನೆಸ್ ಸ್ಟಡೀಸ್ ಉಪನ್ಯಾಸಕರು ಅದನ್ನು ತಿದ್ದಿ ಇಂಗ್ಲಿಷಿಗೆ ಮಾಡಿಕೊಟ್ಟರು. ಮಾಲೀಕರು ಅದನ್ನು ಕೊಟೇಶನ್ ಜೊತೆ ಸೇರಿಸಿ ಕಂಪನಿಗೆ ಕಳುಹಿಸಿದ್ದಾರೆ. ಈ ಲೇಖನ ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬಂದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ. ಆ ನಾಲ್ಕು ಸಾಲು ಬೇಕಾದವರು, ಮನೆಯಲ್ಲಿ ಯಾರಾದರೂ ಮಿಲ್ಲು ಅಥವಾ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರಿದ್ದರೆ, ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ. ನಕಲು ಮಾಡಿಕೊಳ್ಳಬಹುದು.